ಗುತ್ತಲಿನ ಬೇಸಗೆಯ ಹಿತ್ತಲು: ಕಂದಾಯದ ಲೆಕ್ಕಕ್ಕೆ ಬಾರದ ಒಂದು ಕೃಷಿಯ ಇತಿಹಾಸ

೧. ವಿಷಯ ಪ್ರವೇಶ

ಮಂಡ್ಯದ ಕೃಷಿಯ ಇತಿಹಾಸವನ್ನು ಬರೆಯಹೊರಟವರೆಲ್ಲರೂ ಸಾಮಾನ್ಯವಾಗಿ ನಾಲೆಯಿಂದ ಪ್ರಾರಂಭಿಸುತ್ತಾರೆ. ಕನ್ನಂಬಾಡಿಯ ಕಟ್ಟೆ, ಇರ್ವಿನ್ ನಾಲೆ, ಕಬ್ಬು, ಸಕ್ಕರೆಯ ಕಾರ್ಖಾನೆ, ಭತ್ತದ ಬಯಲು ಇವುಗಳ ಕಥೆ ಅನೇಕ ಬಾರಿ ಹೇಳಲ್ಪಟ್ಟಿದೆ. ಅದು ಹೇಳತಕ್ಕ ಕಥೆಯೂ ಹೌದು. ಆದರೆ ಆ ಬಯಲಿನ ನಡುವೆ ಇರುವ ಊರುಗಳ ಒಳಗೆ, ಮನೆಯ ಹಿಂಗೋಡೆಗೂ ಬೇಲಿಗೂ ನಡುವಣ ಹತ್ತಿಪ್ಪತ್ತು ಅಡಿಯ ನೆಲದಲ್ಲಿ ನಡೆದುಬಂದ ಇನ್ನೊಂದು ಕೃಷಿಯುಂಟು. ಅದಕ್ಕೆ ನೇಗಿಲಿಲ್ಲ, ಜೋಡೆತ್ತಿಲ್ಲ, ಕಂದಾಯವಿಲ್ಲ, ಪಹಣಿಯಿಲ್ಲ. ಅದೇ ಹಿತ್ತಲು. ಸರ್ಕಾರದ ಕರಪತ್ರಗಳ ಭಾಷೆಯಲ್ಲಿ ಅದು ಕೈತೋಟ. ಮನೆಯವರ ಮಾತಿನಲ್ಲಿ ಹಿತ್ತಲು.

ಪ್ರಕೃತ ಲೇಖನದಲ್ಲಿ ನಾವು ಗುತ್ತಲನ್ನು ಕಣ್ಣ ಮುಂದಿಟ್ಟುಕೊಂಡು ಈ ಹಿತ್ತಲಿನ, ಅದರಲ್ಲಿಯೂ ಬೇಸಗೆಯ ಹಿತ್ತಲಿನ, ಇತಿಹಾಸವನ್ನು ವಿಚಾರಮಾಡುತ್ತೇವೆ. ಅರಕೇಶ್ವರ ದೇವಾಲಯದಿಂದ ಪರಿಚಿತವಾದ ಗುತ್ತಲು ಈಗ ಮಂಡ್ಯ ನಗರದೊಳಗೆ ಸೇರಿಹೋಗಿರುವ ಊರು. ಹಳ್ಳಿ ನಗರವಾಗುವಾಗ ಹಿತ್ತಲಿಗೆ ಏನಾಗುತ್ತದೆ ಎಂಬುದನ್ನು ನೋಡಲು ಇಂಥ ಊರೇ ತಕ್ಕ ಸ್ಥಳ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಇತರ ಊರುಗಳಿಗೂ ನಮ್ಮ ಮಾತು ಬಹುಮಟ್ಟಿಗೆ ಸಲ್ಲುತ್ತದೆ.

ಬೇಸಗೆಯನ್ನೇ ಏಕೆ ಆರಿಸಿಕೊಂಡೆವೆಂದು ವಾಚಕರು ಕೇಳಬಹುದು. ಮಳೆಗಾಲದಲ್ಲಿ ಹಿತ್ತಲು ತಾನಾಗಿಯೇ ಹಸಿರಾಗುತ್ತದೆ. ಅದಕ್ಕೆ ಮನುಷ್ಯನ ಹಂಗು ಕಡಮೆ. ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಅದರ ಬಹುಭಾಗ ಮೇ ತಿಂಗಳಿಂದ ಅಕ್ಟೋಬರ್ ತಿಂಗಳವರೆಗೆ ಬಂದುಹೋಗುತ್ತದೆ. ಸಂಕ್ರಾಂತಿಯಿಂದ ಭರಣಿಯ ಮಳೆಯವರೆಗಿನ ಅವಧಿಯಲ್ಲಿ ಒಂದು ಗಿಡ ಹಸಿರಾಗಿ ನಿಂತಿದೆಯೆಂದರೆ, ಯಾರೋ ಅದಕ್ಕೆ ನೀರು ಹೊತ್ತು ಹಾಕಿದ್ದಾರೆ ಎಂದೇ ಅರ್ಥ. ಆದಕಾರಣ ಬೇಸಗೆಯ ಹಿತ್ತಲಿನ ಇತಿಹಾಸವು ನೀರಿನ ಇತಿಹಾಸ. ನೀರನ್ನು ಯಾರು ಸೇದಿದರು, ಯಾರಿಗೆ ಸೇದಲು ಹಕ್ಕಿತ್ತು ಎಂಬುದರ ಇತಿಹಾಸ. ಬರಹದ ದಾಖಲೆಗಳು ಈ ವಿಷಯದಲ್ಲಿ ಬಹುಪಾಲು ಮೌನವಾಗಿವೆ. ಆದರೆ ಹಿತ್ತಲಿನ ಆಕಾರವೇ, ಎಂದರೆ ಯಾವ ಗಿಡ ಎಲ್ಲಿ, ಯಾವ ಮಡಿ ಎಷ್ಟು ದೊಡ್ಡದು ಎಂಬ ವಿನ್ಯಾಸವೇ, ಒಂದು ದಾಖಲೆಯೆಂದು ನಾವು ತೋರಿಸಲೆತ್ನಿಸುತ್ತೇವೆ.

೨. ಶಾಸನಗಳ ಮತ್ತು ಗ್ರಂಥಗಳ ಸಾಕ್ಷ್ಯ

ಮೊದಲು ಬರಹದ ಸಾಕ್ಷ್ಯಗಳನ್ನು ನೋಡೋಣ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ ೧೮೯೪ರಲ್ಲಿ ಪ್ರಕಟವಾಯಿತು. ಮಂಡ್ಯ, ಮಳವಳ್ಳಿಗಳ ಶಾಸನಗಳು ಅದರಲ್ಲಿ ಸೇರಿವೆ. ಕನ್ನಡನಾಡಿನ ದಾನಶಾಸನಗಳನ್ನು ಓದಿ ಬಲ್ಲವರಿಗೆ ಅವುಗಳಲ್ಲಿ ಮರಳಿ ಮರಳಿ ಬರುವ ಒಂದು ಪದಪುಂಜದ ಪರಿಚಯವಿರುತ್ತದೆ: ಗದ್ದೆ, ಬೆದ್ದಲು, ತೋಟ, ತುಡಿಕೆ, ಅಣೆ, ಅಚ್ಚುಕಟ್ಟು, ಕಾಡಾರಂಭ, ನೀರಾರಂಭ. ದಾನವಾಗಿ ಕೊಡುವ ಊರಿನ ನೆಲವೆಲ್ಲವೂ ಇದರಲ್ಲಿ ಅಡಕವಾಗಬೇಕೆಂಬುದು ಇಂಥ ಪಟ್ಟಿಯ ಉದ್ದೇಶ. ಇಲ್ಲಿ ತೋಟದ ಬೆನ್ನಿಗೇ ಬರುವ ‘ತುಡಿಕೆ’ ಎಂಬ ಮಾತು ಚಿಕ್ಕ ತೋಟವನ್ನು ಸೂಚಿಸುತ್ತದೆ. ತೋಟವೆನ್ನುವಷ್ಟು ದೊಡ್ಡದಲ್ಲದ, ಆದರೂ ಬೆಳೆ ಬರುವ ತುಂಡುನೆಲವೂ ದಾನದ ಲೆಕ್ಕದಿಂದ ಹೊರಗುಳಿಯಲಿಲ್ಲವೆಂದು ಇದರಿಂದ ತಿಳಿದುಬರುತ್ತದೆ.

ಆದರೆ ಅಷ್ಟೇ. ಗದ್ದೆಯ ಪ್ರಸ್ತಾಪ ಬಂದಾಗ ಶಾಸನವು ಅದು ಯಾವ ಕೆರೆಯ ಕೆಳಗೆ, ಎಷ್ಟು ಖಂಡುಗ ಅಥವಾ ಕೊಳಗ ಬೀಜವರಿಯ ಭೂಮಿ ಎಂಬುದನ್ನು ಹೇಳುತ್ತದೆ. ತುಡಿಕೆಯ ವಿಷಯದಲ್ಲಿ ಇಂಥ ವಿವರ ನಮಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಗದ್ದೆಯನ್ನು ಅದಕ್ಕೆ ಬಿತ್ತುವ ಬೀಜದ ಅಳತೆಯಿಂದ ಗುರುತಿಸಬಹುದು. ಒಂದು ಚಿಟಿಕೆ ಬದನೆಯ ಬೀಜ, ನಾಲ್ಕು ಕುಂಬಳದ ಬೀಜ, ಒಂದು ಹಿಡಿ ದಂಟಿನ ಬೀಜ ಬಿದ್ದ ನೆಲವನ್ನು ಯಾವ ಕೊಳಗದಿಂದ ಅಳೆಯುವುದು?

ಗ್ರಂಥಗಳು ಇನ್ನೊಂದು ದಿಕ್ಕಿನಿಂದ ಸ್ವಲ್ಪ ಬೆಳಕು ಕೊಡುತ್ತವೆ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ೧೦೨೫ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ಸೂಪಶಾಸ್ತ್ರ, ಜಲಶೋಧನೆ ಈ ಮೂರಕ್ಕೂ ಸ್ಥಾನವುಂಟು. ಗಿಡ, ಅಡುಗೆ, ನೀರು ಇವು ಒಂದೇ ಗ್ರಂಥದಲ್ಲಿ ಕೂಡಿಬಂದಿರುವುದು ಆಕಸ್ಮಿಕವಲ್ಲ. ಗೃಹಸ್ಥನಿಗೆ ಉಪಕಾರವಾಗಬೇಕೆಂದು ಬರೆದವನ ಕಣ್ಣಿಗೆ ಇವು ಒಂದೇ ಸಂಸಾರದ ವಿಷಯಗಳಾಗಿ ಕಂಡಿರಬೇಕು. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಬದನೆ, ಹಲಸು, ಬಾಳೆ ಮೊದಲಾದವುಗಳ ಅಡುಗೆಯನ್ನು ವಿಸ್ತಾರವಾಗಿ ಹೇಳುತ್ತದೆ. ಈ ಗ್ರಂಥಗಳು ಪಂಡಿತರವು, ಅರಮನೆಯ ಸಮೀಪದವು ಎಂಬುದನ್ನು ನಾವು ಮರೆಯಬಾರದು. ಇವುಗಳಿಂದ ಗುತ್ತಲಿನ ಒಬ್ಬ ಒಕ್ಕಲಿನ ಮನೆಯ ಸಾರಿನಲ್ಲಿ ಏನಿತ್ತೆಂದು ನೇರವಾಗಿ ತೀರ್ಮಾನಿಸಲಾಗದು. ಆದರೂ ಬದನೆ, ಸೋರೆ, ಹೀರೆ, ಪಡವಲ, ಕುಂಬಳ ಮತ್ತು ಬಗೆಬಗೆಯ ಸೊಪ್ಪುಗಳು ನಮ್ಮ ಹಿತ್ತಲಿನ ಹಳೆಯ ಒಕ್ಕಲುಗಳೆಂದು ಹೇಳಲು ಅಡ್ಡಿಯಿಲ್ಲ.

೩. ಕಂದಾಯದ ಕಣ್ಣಿಗೆ ಬೀಳದ ನೆಲ

ಮೈಸೂರು ಸಂಸ್ಥಾನದಲ್ಲಿ ಭೂಮಿಯ ಅಳತೆ ಮತ್ತು ಕಂದಾಯದ ನಿಷ್ಕರ್ಷೆಗಾಗಿ ಸರ್ವೆಯ ಕಾರ್ಯ ೧೮೬೩ರಲ್ಲಿ ಪ್ರಾರಂಭವಾಯಿತು. ಆ ವ್ಯವಸ್ಥೆಯಲ್ಲಿ ಸಾಗುವಳಿಯ ಭೂಮಿ ಮೂರು ವಿಧ: ಖುಷ್ಕಿ, ತರಿ, ಬಾಗಾಯ್ತು. ಮಳೆಯನ್ನು ನಂಬಿದ ಹೊಲ ಖುಷ್ಕಿ, ಕೆರೆ ಕಾಲುವೆಗಳ ಗದ್ದೆ ತರಿ, ತೆಂಗು ಅಡಕೆ ವೀಳೆಯದೆಲೆಗಳ ತೋಟ ಬಾಗಾಯ್ತು. ಜನರು ವಾಸಿಸುವ ನೆಲವಾದರೋ ಗ್ರಾಮಠಾಣ. ಹಿತ್ತಲು ಗ್ರಾಮಠಾಣದೊಳಗೆ ಬಿದ್ದುದರಿಂದ ಅದು ಈ ಮೂರರಲ್ಲಿ ಯಾವುದೂ ಆಗಲಿಲ್ಲ. ಕಂದಾಯವಿಲ್ಲದ ನೆಲದ ಬೆಳೆಯನ್ನು ಬರೆದಿಡುವ ಅಗತ್ಯ ಶ್ಯಾನುಭೋಗರಿಗೆ ಇರಲಿಲ್ಲ. ಹೀಗೆ ಮನೆಮನೆಗೂ ಇದ್ದ ಒಂದು ಕೃಷಿಯು ಸರ್ಕಾರದ ಲೆಕ್ಕದಲ್ಲಿ ಇಲ್ಲವಾಯಿತು.

ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ತೋಟಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ: ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ. ಇಲ್ಲಿ ಹೇಳಿರುವ ತರಕಾರಿ ತೋಟ ನಾವು ಹೇಳುವ ಹಿತ್ತಲಲ್ಲ. ಅದು ಕಪಿಲೆಯ ಬಾವಿಯಿಂದ ನೀರೆತ್ತಿ, ಸಂತೆಗೆ ಮಾರುವುದಕ್ಕಾಗಿ, ಬೆಂಗಳೂರಿನ ಸುತ್ತಿನ ತಿಗಳರಂಥ ಕಸುಬಿನವರು ಬೆಳೆಸುತ್ತಿದ್ದ ತೋಟ. ಮಾರಾಟವಾಗದೆ, ಮನೆಯ ಒಲೆಗೆ ನೇರವಾಗಿ ಹೋಗುತ್ತಿದ್ದ ಕಾಯಿಪಲ್ಲೆಯನ್ನು ಗೆಜೆಟಿಯರುಗಳು ಎಣಿಸಲಿಲ್ಲ.

ಈ ಮೌನಕ್ಕೆ ಇನ್ನೊಂದು ಮುಖವುಂಟು. ಹೊಲಗದ್ದೆಗಳ ಒಡೆತನ ಗಂಡಸಿನ ಹೆಸರಿನಲ್ಲಿ ದಾಖಲಾಗುತ್ತಿತ್ತು. ಹಿತ್ತಲಿನ ಆಡಳಿತ ಮನೆಯ ಹೆಂಗಸಿನದು. ಯಾವ ಬೀಜವನ್ನು ಇಟ್ಟುಕೊಳ್ಳಬೇಕು, ಯಾವ ಮಡಿಗೆ ಯಾವಾಗ ಬೂದಿ ಚೆಲ್ಲಬೇಕು, ಯಾವ ಬಳ್ಳಿಯನ್ನು ಕಿತ್ತು ಯಾವುದನ್ನು ಬಿಡಬೇಕು ಎಂಬ ತೀರ್ಮಾನಗಳು ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲಿ ಬಂದವು. ಕಂದಾಯವಿಲ್ಲದುದರಿಂದ ಒಂದು ಸಲ, ಹೆಂಗಸರ ಕೆಲಸವೆಂಬುದರಿಂದ ಇನ್ನೊಂದು ಸಲ, ಹೀಗೆ ಹಿತ್ತಲು ಇತಿಹಾಸದಿಂದ ಎರಡು ಬಾರಿ ಹೊರಗುಳಿಯಿತು.

೪. ಕೊಡದ ಲೆಕ್ಕ

ದಾಖಲೆಗಳು ಮೌನವಾದ ಕಡೆ ನಾವು ಹಿತ್ತಲನ್ನೇ ಓದಬೇಕಾಗುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿನೋಡುವುದು ಪ್ರಯೋಜನಕರ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಸೊಪ್ಪಿನ ಮಡಿಗೆ ಒಂದು ಅಂಗುಲ ನೀರು ನಿಲ್ಲುವಂತೆ ಹಾಯಿಸಬೇಕಾದರೆ ಸುಮಾರು ೨೩೫ ಲೀಟರು ಬೇಕು. ಹದಿನೈದು ಲೀಟರು ಹಿಡಿಯುವ ಕೊಡದಲ್ಲಿ ಇದು ಹದಿನಾರು ಕೊಡ. ಹಗಲಿನ ಉಷ್ಣ ೩೫ ಡಿಗ್ರಿಯ ಆಸುಪಾಸಿನಲ್ಲಿರುವ ಏಪ್ರಿಲ್ ತಿಂಗಳಿನಲ್ಲಿ ಈ ನೀರು ನಾಲ್ಕೈದು ದಿನಗಳಲ್ಲಿ ಆರಿಹೋಗುತ್ತದೆ. ಎಂದರೆ ದಿನಕ್ಕೆ ಮೂರು ನಾಲ್ಕು ಕೊಡ. ಮೂವತ್ತು ಅಡಿ ಆಳದ ಬಾವಿಯಿಂದ ಹದಿನಾರು ಕೊಡ ಸೇದಬೇಕಾದರೆ ೪೮೦ ಅಡಿ ಹಗ್ಗವನ್ನು ಎಳೆಯಬೇಕು. ಕುಡಿಯುವ, ಅಡುಗೆಯ, ದನಕರುಗಳ ನೀರನ್ನು ಸೇದಿದ ಅದೇ ಕೈಗಳು ಇದನ್ನೂ ಸೇದಬೇಕು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಹಿತ್ತಲಿನ ವಿನ್ಯಾಸವನ್ನು ನೋಡಿದರೆ ಅದರ ಪ್ರತಿಯೊಂದು ಅಂಗದ ಅರ್ಥವೂ ತೆರೆದುಕೊಳ್ಳುತ್ತದೆ.

ಮೊದಲನೆಯದು, ಮಡಿಯ ಆಕಾರ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯದಂತೆ ಏರುಮಡಿ ಮಾಡುವವರು, ಬೇಸಗೆಯಲ್ಲಿ ಅದನ್ನು ತಿರುಗಿಸಿ, ನೆಲಕ್ಕಿಂತ ತಗ್ಗಾಗಿ ಪಾತಿ ಮಾಡಿ ಸುತ್ತಲೂ ಬದು ಏರಿಸುತ್ತಾರೆ. ಹಾಕಿದ ನೀರು ಹರಿದುಹೋಗದು. ಸುತ್ತಲ ಬದುವಿನ ನೆರಳು ಬೆಳಗಿನ ಮತ್ತು ಸಂಜೆಯ ಹೊತ್ತು ಎಳೆಯ ಸಸಿಗೆ ಸಿಗುತ್ತದೆ. ಮಡಿಯೂ ಚಿಕ್ಕದು. ದಂಟು, ಹರಿವೆ, ಕೀರೆ, ಮೆಂತ್ಯ ಇವನ್ನು ಒಂದೇ ಸಲ ಬಿತ್ತದೆ, ಎಂಟು ಹತ್ತು ದಿನಗಳ ಅಂತರದಲ್ಲಿ ತುಂಡುತುಂಡಾಗಿ ಬಿತ್ತುವ ವಾಡಿಕೆಯೂ ಈ ಕೊಡದ ಲೆಕ್ಕದಿಂದಲೇ ಬಂದುದು. ಸೇದಬಲ್ಲಷ್ಟಕ್ಕೆ ಮಾತ್ರ ಬಿತ್ತಬೇಕು.

ಎರಡನೆಯದು, ಚಪ್ಪರ. ಹೀರೆ, ಪಡವಲ, ಸೋರೆ, ಹಾಗಲ ಇವುಗಳ ಬೇರು ಒಂದು ಕುಣಿಯಲ್ಲಿ, ಎಲೆ ಚಪ್ಪರದ ಮೇಲೆ. ನಾಲ್ಕು ಕುಣಿ ತೋಡಿ, ತಿಪ್ಪೆಗೊಬ್ಬರ ತುಂಬಿ, ಎರಡು ದಿನಕ್ಕೊಮ್ಮೆ ಕುಣಿಗೊಂದು ಕೊಡ ನೀರು ಹಾಕಿದರೆ ನೂರು ಚದರಡಿಯ ಚಪ್ಪರ ಹಬ್ಬುತ್ತದೆ. ಸೊಪ್ಪಿನ ಮಡಿ ಬೇಡುವ ನೀರಿನ ಸುಮಾರು ಅರ್ಧಕ್ಕೇ ಅಷ್ಟೇ ವಿಸ್ತಾರದ ಹಸಿರು ದೊರೆತಂತಾಯಿತು. ಅಲ್ಲದೆ ಚಪ್ಪರದ ಕೆಳಗೆ ನೆರಳು. ಬಿಸಿಲಿಗೆ ಬೇಗ ಹೂವಿಗೆ ಬಂದು ಕೆಡುವ ಕೊತ್ತಂಬರಿಯನ್ನು ಆ ನೆರಳಿನ ಅಂಚಿನಲ್ಲಿ ಬಿತ್ತುವುದು, ಬದನೆ ಮೆಣಸಿನ ಒಟ್ಟಲುಪಾತಿಯನ್ನು ಅಲ್ಲಿಯೇ ಮಾಡುವುದು, ಮಧ್ಯಾಹ್ನ ಕರು ಕಟ್ಟುವುದು, ಮುದುಕರು ಕೂರುವುದು ಎಲ್ಲವೂ ಅದರ ಕೆಳಗೇ.

ಮೂರನೆಯದು, ಬಚ್ಚಲು. ಐವರ ಸಂಸಾರದಲ್ಲಿ ಸ್ನಾನದ ನೀರು ತಲೆಗೆ ಹದಿನೆಂಟು ಲೀಟರೆಂದು ಹಿಡಿದರೂ ದಿನಕ್ಕೆ ೯೦ ಲೀಟರು, ಎಂದರೆ ಆರು ಕೊಡ. ಇದು ನಾವು ಮೇಲೆ ಹೇಳಿದ ಸೊಪ್ಪಿನ ಮಡಿಯ ದಿನದ ಅಗತ್ಯಕ್ಕಿಂತ ಹೆಚ್ಚು. ಒಮ್ಮೆ ಸೇದಿದ ನೀರಿಗೆ ಎರಡು ಕೆಲಸ. ಬಚ್ಚಲ ಮೋರಿಯ ಬಾಯಿಯಲ್ಲಿ ಬಾಳೆ, ಅದರ ಬುಡದಲ್ಲಿ ಕೆಸು, ಮುಂದೆ ತೇವವಿರುವಲ್ಲಿ ಹೊನಗನ್ನೆ, ಒಂದೆಲಗ, ಬೇಲಿಗೆ ಹಬ್ಬಿದ ಬಸಳೆ: ಹಳೆಯ ಮನೆಗಳಲ್ಲಿ ಈ ಕ್ರಮ ಕಾಣುವುದು ಅಭ್ಯಾಸಬಲದಿಂದಲ್ಲ. ನೀರನ್ನು ಬಹಳ ಬೇಡುವ, ಕೊಳೆಯನ್ನು ತಾಳಬಲ್ಲ ಗಿಡ ಮೋರಿಗೆ ಹತ್ತಿರ; ಹಸಿಯಾಗಿ ತಿನ್ನುವ ಕೊತ್ತಂಬರಿಯಂಥವು ಅದರಿಂದ ದೂರ, ಬಾವಿಯ ನೀರಿಗೆ. ನುಗ್ಗೆ, ಕರಿಬೇವು ಬೇಲಿಯ ಮೂಲೆಯಲ್ಲಿ, ಬೇರೂರಿದ ಮೇಲೆ ಯಾರ ಕೊಡವನ್ನೂ ಕೇಳದೆ.

ಔಷಧಿಯ ಗಿಡಗಳಿಗೂ ಇದೇ ಕ್ರಮ. ತುಳಸಿ ಅಂಗಳದಲ್ಲಿ, ದೊಡ್ಡಪತ್ರೆ ಬಾವಿಕಟ್ಟೆಯ ಬಳಿ, ಲೋಳೆಸರ ಒಣನೆಲದಲ್ಲಿ, ಅಮೃತಬಳ್ಳಿ ಬೇಲಿಯ ಮೇಲೆ. ಮಗುವಿನ ಕೆಮ್ಮಿಗೆ ದೊಡ್ಡಪತ್ರೆಯ ರಸ, ಬೇಸಗೆಯ ಊಟಕ್ಕೆ ಅದರದೇ ಗೊಜ್ಜು. ಅಡುಗೆಗೂ ಮದ್ದಿಗೂ ನಡುವೆ ಹಿತ್ತಲಿನಲ್ಲಿ ಗೆರೆಯಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಹತ್ತಿರದ ವಸ್ತುವಿನ ಅನಾದರಕ್ಕೆ ಉದಾಹರಿಸುತ್ತೇವೆ. ಇತಿಹಾಸದ ವಿದ್ಯಾರ್ಥಿಯು ಅದರಲ್ಲಿ ಇನ್ನೊಂದು ಸಾಕ್ಷ್ಯವನ್ನೂ ಕಾಣಬಹುದು: ಮದ್ದಿನ ಗಿಡವನ್ನು ಹುಡುಕಬೇಕಾದ ಮೊದಲ ಸ್ಥಳ ಹಿತ್ತಲೇ ಎಂಬ ನಂಬಿಕೆ ಮೊದಲಿದ್ದರಲ್ಲವೆ ಈ ವ್ಯಂಗ್ಯಕ್ಕೆ ಅರ್ಥ!

ಕಾಲದ ಕ್ರಮವನ್ನೂ ಗಮನಿಸಬೇಕು. ಹೊಲದ ವರ್ಷ ಯುಗಾದಿಯ ಹೊನ್ನಾರಿನಿಂದ ಮೊದಲಾಗುತ್ತದೆ. ಹಿತ್ತಲಿನ ಬೇಸಗೆ ಅದಕ್ಕೂ ಮೊದಲು, ಶಿವರಾತ್ರಿಯ ಹೊತ್ತಿಗೆ. ಅಗೆದ ನೆಲವನ್ನು ಬಿಸಿಲಿಗೆ ಬಿಟ್ಟು, ತಿಪ್ಪೆಗೊಬ್ಬರ ಬೆರಸಿ, ಬೂದಿ ಚೆಲ್ಲಿ, ರಾತ್ರಿ ನೆನೆಹಾಕಿದ ಬೆಂಡೆಯ ಬೀಜವನ್ನು ಆಗ ಊರಿದರೆ ನಲವತ್ತೈದು ಐವತ್ತು ದಿನಗಳಲ್ಲಿ, ಎಂದರೆ ಯುಗಾದಿ ಕಳೆದ ಮೇಲೆ, ಮೊದಲ ಕಾಯಿ ಸಿಗುತ್ತದೆ. ಗೋರಿಕಾಯಿ, ಅಲಸಂದೆಗಳೂ ಬಿಸಿಲನ್ನು ತಾಳುವಂಥವು. ಹೊಲದಲ್ಲಿ ಏನೂ ಇಲ್ಲದ, ಕಣಜ ತಗ್ಗುತ್ತಿರುವ ತಿಂಗಳುಗಳಲ್ಲಿ ರಾಗಿಮುದ್ದೆಯ ಜೊತೆಗೆ ಉಪ್ಪುಸಾರಿಗೋ ಬಸ್ಸಾರಿಗೋ ಒಂದು ಹಿಡಿ ಸೊಪ್ಪನ್ನು ಒದಗಿಸುವುದು ಈ ನೆಲದ ಕೆಲಸವಾಗಿತ್ತು.

೫. ನೀರಿನ ಹಕ್ಕು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಹಿತ್ತಲನ್ನು ಸಮೃದ್ಧಿಯ ಚಿತ್ರವಾಗಿ ಮಾತ್ರ ಕಾಣುವುದು ಇತಿಹಾಸಕ್ಕೆ ಸಲ್ಲದು. ನಮ್ಮ ಲೆಕ್ಕವೇ ತೋರಿಸುವಂತೆ, ಬೇಸಗೆಯ ಹಿತ್ತಲಿಗೆ ಮೂಲವಾಗಿ ಬೇಕಾದುದು ನೆಲವಲ್ಲ, ಬಾವಿ. ಅಸ್ಪೃಶ್ಯರೆಂದು ಊರಿನ ಹೊರಗೆ ಇರಿಸಲ್ಪಟ್ಟಿದ್ದ ಜನರಿಗೆ ಊರಬಾವಿಯ ನೀರನ್ನು ಸೇದುವ ಹಕ್ಕಿರಲಿಲ್ಲ. ಕುಡಿಯುವ ಕೊಡವನ್ನೇ ಬೇರೆಯವರು ಹುಯ್ದುಕೊಡುವವರೆಗೆ ಕಾಯಬೇಕಾದ ಮನೆಯಲ್ಲಿ ಹದಿನಾರು ಕೊಡ ನೀರು ಕೇಳುವ ಸೊಪ್ಪಿನ ಮಡಿ ಎಲ್ಲಿಂದ ಬಂದೀತು? ಅವರ ಸೊಪ್ಪು ಹೆಚ್ಚಾಗಿ ಹೊಲದ ಬದುವಿನದು: ಅಣ್ಣೆ, ಗಣಿಕೆ, ತಾನಾಗಿ ಹುಟ್ಟಿದ ಕೀರೆ. ಬೆರಕೆಸೊಪ್ಪಿನ ಸಾರನ್ನು ಇಂದು ನಾವು ರುಚಿಗಾಗಿ ಹೊಗಳುತ್ತೇವೆ. ಅದರ ಹಿಂದೆ ಬಾವಿಯಿಲ್ಲದವರ ಜಾಣ್ಮೆಯೂ ಇದೆ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ವಿಷಯದಲ್ಲಿ ಈ ಭೇದವನ್ನು ನಿಷೇಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಶಿಕ್ಷಾರ್ಹವಾಗಿಸಿತು. ಆ ವಿಧಿ ಹಿತ್ತಲಿನ ಇತಿಹಾಸಕ್ಕೂ ಸೇರಿದ ದಾಖಲೆಯೆಂದು ನಾವು ಭಾವಿಸುತ್ತೇವೆ.

ಬರದ ವರ್ಷಗಳಲ್ಲಿ ಬಾವಿಯುಳ್ಳವರ ಹಿತ್ತಲೂ ಉಳಿಯುತ್ತಿರಲಿಲ್ಲ. ೧೮೭೬–೭೮ರ ಕ್ಷಾಮ ಮೈಸೂರು ಸಂಸ್ಥಾನವನ್ನು ಹೇಗೆ ಬರಿದು ಮಾಡಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: ೧೮೭೧ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷದಷ್ಟಿತ್ತು. ಬಾವಿ ಬತ್ತಿದಾಗ ಹಿತ್ತಲು ಯಾರನ್ನೂ ಕಾಯಲಾರದು. ಅದು ಸಾಧಾರಣ ಬೇಸಗೆಯ ಆಸರೆ, ಕ್ಷಾಮದ ಆಸರೆಯಲ್ಲ.

೬. ಹೆಸರುಗಳು ಹೇಳುವ ಕಥೆ

ಹಿತ್ತಲು ಬದಲಾಗದೆ ನಿಂತ ವಸ್ತುವೆಂದೂ ತಿಳಿಯಬಾರದು. ಗಿಡಗಳ ಹೆಸರುಗಳೇ ಅದರ ಬದಲಾವಣೆಯನ್ನು ಹೇಳುತ್ತವೆ. ಮೆಣಸು ನಮ್ಮದು, ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಭಾರತಕ್ಕೆ ಬಂದುದು. ಹೊಸತನ್ನು ಹಳೆಯದರ ಹೆಸರಿನಿಂದಲೇ ಕರೆದು ಒಳಗೆ ಬಿಟ್ಟುಕೊಂಡ ಜನ, ಕಾಲಕ್ರಮದಲ್ಲಿ ಹಳೆಯದಕ್ಕೇ ‘ಕರಿಮೆಣಸು’ ಎಂದು ವಿಶೇಷಣ ಸೇರಿಸಬೇಕಾಯಿತು. ಲೋಕೋಪಕಾರದ ಕಾಲದ ಅಡುಗೆಯವನಿಗೆ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ ಯಾವುವೂ ತಿಳಿದಿರಲಿಲ್ಲ.

‘ಸೀಮೆ’ ಎಂಬ ವಿಶೇಷಣ ಇನ್ನೊಂದು ಗುರುತು. ಸೀಮೆಬದನೆ ಎಂಬ ಹೆಸರೇ ಅದು ಹೊರಗಿನಿಂದ ಬಂದುದೆಂದು ಹೇಳುತ್ತದೆ. ಹೈದರಾಲಿಯು ೧೭೬೦ರಲ್ಲಿ ಸ್ಥಾಪಿಸಿದ ಲಾಲ್‌ಬಾಗ್, ೧೮೭೪ರಿಂದ ೧೯೦೮ರವರೆಗೆ ಜಾನ್ ಕ್ಯಾಮೆರಾನ್ ಅವರ, ಅನಂತರ ಜಿ. ಎಚ್. ಕ್ರುಂಬಿಗಲ್ ಅವರ ಮೇಲ್ವಿಚಾರಣೆಯಲ್ಲಿ ಇಂಥ ಹೊಸ ಗಿಡಗಳನ್ನು ಪರೀಕ್ಷಿಸಿ ನಾಡಿಗೆ ಹಂಚುವ ಕೇಂದ್ರವಾಯಿತು. ೧೮೮೨ರಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗ ಪೂರ್ಣವಾದ ಮೇಲೆ ಮಂಡ್ಯ, ಮದ್ದೂರುಗಳು ಆ ಕೇಂದ್ರಕ್ಕೆ ಇನ್ನೂ ಹತ್ತಿರವಾದವು. ಇತ್ತ ಮೈಸೂರಿನ ಈರನಗೆರೆಯ ಬದನೆಯಂಥ ತಳಿಗಳು ಊರಿನ ಹೆಸರನ್ನೇ ಹೊತ್ತು ಉಳಿದವು. ಹೊಸತನ್ನು ಸೇರಿಸಿಕೊಳ್ಳುವುದು, ಹಳತನ್ನು ಕಾಪಾಡುವುದು ಎರಡೂ ಹಿತ್ತಲಿನಲ್ಲಿ ಒಟ್ಟಿಗೆ ನಡೆದವು. ಬೂದಿಯಲ್ಲಿ ಬೆರಸಿ ಮಡಕೆಯಲ್ಲಿಟ್ಟ ಬದನೆಯ ಬೀಜ, ಒಲೆಯ ಹೊಗೆ ತಾಗುವಂತೆ ತೂಗುಹಾಕಿದ ಹೀರೆ ಸೋರೆಗಳ ಒಣಕಾಯಿ, ಸಗಣಿಯಲ್ಲಿ ತಟ್ಟಿ ಗೋಡೆಗೆ ಅಂಟಿಸಿದ ಕುಂಬಳದ ಬೀಜ ಇವೇ ಆ ಕಾಪಾಡುವಿಕೆಯ ಭಂಡಾರಗಳು.

೭. ನಾಲೆ ಬಂದ ಮೇಲೆ

ಕನ್ನಂಬಾಡಿಯ ಕಟ್ಟೆಯ ಕೆಲಸ ೧೯೧೧ರಲ್ಲಿ ಪ್ರಾರಂಭವಾಯಿತು. ಹುಲಿಕೆರೆಯ ಸುರಂಗವನ್ನು ಹಾದು ಬಂದ ಇರ್ವಿನ್ ನಾಲೆ ೧೯೩೦ರ ದಶಕದ ಆರಂಭದಲ್ಲಿ ಮಂಡ್ಯದ ಬಯಲಿಗೆ ನೀರು ತಂದಿತು. ಈಗ ಅದು ವಿಶ್ವೇಶ್ವರಯ್ಯ ನಾಲೆ. ಸುಮಾರು ೧ ಲಕ್ಷ ೨೦ ಸಾವಿರ ಎಕರೆಗೆ ನೀರುಣಿಸುವ ಈ ಯೋಜನೆಯಲ್ಲಿ ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬು, ಭತ್ತ, ಅರೆನೀರಾವರಿ ಬೆಳೆ ಇವನ್ನು ಸರದಿಯಲ್ಲಿ ಬೆಳೆಯುವ ಪದ್ಧತಿಯನ್ನು ಗೊತ್ತುಮಾಡಲಾಯಿತು. ಪ್ರಯೋಗಗಳಿಗಾಗಿ ಮಂಡ್ಯದ ಬಳಿ ಕೃಷಿಕ್ಷೇತ್ರವೊಂದು ಏರ್ಪಟ್ಟಿತು. ಇಂದಿಗೂ ಜನ ಅದನ್ನು ವಿ. ಸಿ. ಫಾರ್ಮ್ ಎಂದು ಕರೆಯುತ್ತಾರೆ. ಮೈಸೂರು ಸಕ್ಕರೆ ಕಂಪನಿ ೧೯೩೩ರಲ್ಲಿ ಸ್ಥಾಪಿತವಾಗಿ ಮರುವರ್ಷ ಕಬ್ಬು ಅರೆಯತೊಡಗಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಹಿತ್ತಲಿಗೆ ಇದರಿಂದ ಲಾಭವಾಯಿತೆ, ನಷ್ಟವಾಯಿತೆ? ಎರಡೂ ಆಯಿತೆಂದೇ ಹೇಳಬೇಕು. ನಾಲೆಯ ಒಸರಿನಿಂದ ಬಾವಿಗಳಲ್ಲಿ ನೀರು ಮೇಲಕ್ಕೆ ಬಂದಿತು, ಹಗ್ಗ ಗಿಡ್ಡದಾಯಿತು. ಕಬ್ಬಿನ ತರಗು ಮಡಿಗೆ ಹೊದಿಕೆಯಾಗಿ ಸಿಕ್ಕಿತು. ಆದರೆ ಸೊಳ್ಳೆಯೂ ಮಲೇರಿಯವೂ ನೀರಿನ ಜೊತೆಗೇ ಬಂದವು. ರಾಗಿಯ ಹೊಲ ಕಬ್ಬಿನ ಗದ್ದೆಯಾದಾಗ ಅಕ್ಕಡಿ ಸಾಲಿನ ಅವರೆ, ತೊಗರಿ, ಅಲಸಂದೆಗಳೂ, ಹೊಲದ ಬೆರಕೆಸೊಪ್ಪೂ ಹಿಂದೆ ಸರಿದವು. ಕಬ್ಬಿನ ಹಣ ಕೈಗೆ ಬಂದವನಿಗೆ ಪೇಟೆಯ ತರಕಾರಿ ಸುಲಭವಾಯಿತು.

ಗುತ್ತಲಿನಂಥ ಊರಿನಲ್ಲಿ ನಿಜವಾದ ಬದಲಾವಣೆಯನ್ನು ತಂದುದು ನಾಲೆಗಿಂತ ಹೆಚ್ಚಾಗಿ ನಗರ. ಹಿತ್ತಲು ನಿವೇಶನವಾಯಿತು. ದನದ ಕೊಟ್ಟಿಗೆ ಹೋದಾಗ ತಿಪ್ಪೆ ಹೋಯಿತು. ಸೌದೆಯ ಒಲೆ ಹೋದಾಗ ಬೂದಿಯೂ, ಬೀಜ ಕಾಯುವ ಹೊಗೆಯೂ ಹೋದವು. ಬಚ್ಚಲ ನೀರು ಒಳಚರಂಡಿಗೆ ಇಳಿದು ಹೋಯಿತು. ದಿನಕ್ಕೆ ಆರು ಕೊಡ ನೀರು ಒಂದು ಕೊಳವೆಯೊಳಗೆ ಕಣ್ಮರೆಯಾದ ಈ ಘಟನೆಯನ್ನು ಯಾರೂ ನಷ್ಟವೆಂದು ಬರೆಯಲಿಲ್ಲ. ನಲ್ಲಿಯ ನೀರು ಮನೆಯೊಳಗೆ ಬಂದು ಹೆಂಗಸರ ಭುಜದ ಭಾರ ಇಳಿಯಿತೆಂಬುದೂ ಅಷ್ಟೇ ಸತ್ಯ. ಅದನ್ನು ಕಡೆಗಣಿಸಿ ಹಳೆಯದಕ್ಕೆ ಮರುಗುವುದು ನ್ಯಾಯವಲ್ಲ.

ಸರ್ಕಾರಗಳು ಹಿತ್ತಲನ್ನು ನೆನೆದುದು ಕೊರತೆಯ ಕಾಲದಲ್ಲಿ. ಎರಡನೆಯ ಮಹಾಯುದ್ಧದ ನಡುವೆ, ೧೯೪೩ರ ಸುಮಾರಿಗೆ, ಹೆಚ್ಚು ಆಹಾರ ಬೆಳೆಯುವ ಚಳವಳಿ ದೇಶದಲ್ಲಿ ನಡೆಯಿತು. ೧೯೬೦ರ ದಶಕದಲ್ಲಿ ಯೂನಿಸೆಫ್ ಸಂಸ್ಥೆಯ ನೆರವಿನ ಅನ್ವಯಿಕ ಪೋಷಣಾ ಕಾರ್ಯಕ್ರಮವು ಶಾಲೆಯ ತೋಟ, ಮನೆಯ ಕೈತೋಟಗಳಿಗೆ ಪ್ರೋತ್ಸಾಹ ಕೊಟ್ಟಿತು. ಹೆಸರಘಟ್ಟದಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು, ಬೇಸಗೆಯಲ್ಲಿ ಬಿಳಿನೊಣದಿಂದ ಹರಡುವ ಹಳದಿ ನಂಜುರೋಗವನ್ನು ತಾಳಬಲ್ಲ ‘ಅರ್ಕಾ ಅನಾಮಿಕ’ ಬೆಂಡೆಯಂಥ ತಳಿಗಳನ್ನು ಕೊಟ್ಟಿತು. ಕೊರತೆ ಕಳೆದೊಡನೆ ಹಿತ್ತಲು ಮತ್ತೆ ಮರೆತುಹೋಗುತ್ತಿತ್ತು.

೮. ಉಪಸಂಹಾರ

೨೦೨೩ರಲ್ಲಿ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಬೇಸಗೆಯಲ್ಲಿ ನಾಲೆಯ ನೀರನ್ನು ನಂಬಿ ಬೆಳೆಯಿಡುವ ಸ್ಥಿತಿ ಮಂಡ್ಯದಲ್ಲಿ ಇರಲಿಲ್ಲ. ನಾಲೆಗಿಂತ ಮೊದಲಿದ್ದ ಪ್ರಶ್ನೆಯೇ ಮತ್ತೆ ಎದುರು ನಿಂತಿತು: ಎಷ್ಟು ಕೊಡ ನೀರಿದೆ, ಅದಕ್ಕೆ ಎಷ್ಟು ಮಡಿ?

ಇಂದು ಗುತ್ತಲಿನಲ್ಲಿಯೋ ಬೇರೆಡೆಯೋ ಬೇಸಗೆಯ ಹಿತ್ತಲನ್ನು ಹೊಸದಾಗಿ ಮಾಡಬಯಸುವವರಿಗೆ ಇತಿಹಾಸವು ಕೊಡುವ ಸಲಹೆ ಸರಳವಾಗಿದೆ. ಮೊದಲು ನೀರನ್ನು ಅಳೆಯಬೇಕು, ಆಮೇಲೆ ನೆಲವನ್ನು. ಶಿವರಾತ್ರಿಯ ಹೊತ್ತಿಗೆ ತಗ್ಗಿನ ಪಾತಿಯನ್ನು ಸಿದ್ಧಪಡಿಸಬೇಕು. ಸೊಪ್ಪಿಗೆ ಚಿಕ್ಕ ಮಡಿ, ಕಾಯಿಗೆ ಕುಣಿ ಮತ್ತು ಚಪ್ಪರ, ಕೊತ್ತಂಬರಿಗೆ ನೆರಳಿನ ಅಂಚು. ತರಗೆಲೆ ಇಲ್ಲವೆ ಹುಲ್ಲನ್ನು ಹೊದಿಸಿ, ಸಂಜೆಯ ಹೊತ್ತು ನೀರು ಹಾಕಬೇಕು. ಸಾಬೂನು ಹೆಚ್ಚಿಲ್ಲದ ಬಚ್ಚಲ ನೀರನ್ನು ಬಾಳೆಗೆ ತಿರುಗಿಸಬೇಕು. ಮೊದಲ ಒಳ್ಳೆಯ ಕಾಯಿಗಳಲ್ಲಿ ಒಂದೆರಡನ್ನು ಕೊಯ್ಯದೆ ಬೀಜಕ್ಕೆ ಬಿಡಬೇಕು. ಇವುಗಳಲ್ಲಿ ಒಂದೂ ನಮ್ಮ ಕಲ್ಪನೆಯಲ್ಲ. ಪ್ರತಿಯೊಂದರ ಹಿಂದೆಯೂ ಹಗ್ಗ ಎಳೆದವರ ಅನುಭವವಿದೆ.

ಕಾಲೇಜಿನ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಶಾಸನವನ್ನು ಹುಡುಕಿ ಊರೂರು ಅಲೆಯುವ ಉತ್ಸಾಹದ ಒಂದು ಪಾಲನ್ನು ಹಿತ್ತಲಿಗೂ ಕೊಡಬೇಕು. ತಮ್ಮ ಊರಿನ ಹಿರಿಯ ಹೆಂಗಸರನ್ನು ಕಂಡು, ಯಾವ ಗಿಡ ಎಲ್ಲಿತ್ತು, ಬೀಜ ಎಲ್ಲಿಂದ ಬಂತು, ನೀರು ಯಾರು ಸೇದಿದರು, ಯಾರನ್ನು ಸೇದಗೊಡಲಿಲ್ಲ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದಿಡಬೇಕು. ಹಿತ್ತಲಿನ ಒಂದು ನಕ್ಷೆಯನ್ನೂ ಬರೆಯಬೇಕು. ಕಲ್ಲಿನ ಶಾಸನ ಇನ್ನೂ ನೂರು ವರ್ಷ ಕಾಯಬಲ್ಲದು. ಬಚ್ಚಲ ಮೋರಿಯ ಬಳಿ ಕೆಸುವನ್ನೇ ಏಕೆ ನೆಟ್ಟರೆಂದು ಬಲ್ಲವರು ಅಷ್ಟು ಕಾಲ ಕಾಯಲಾರರು.